ಜಮಖಂಡಿಯ ಕಿತ್ತಳೆ ಗೆರೆ

1868ರ ಆಗಸ್ಟ್ 18. ನಮ್ಮ ಜಮಖಂಡಿಯಲ್ಲಿ ಪೂರ್ಣ ಸೂರ್ಯಗ್ರಹಣ. ಲೆಫ್ಟಿನೆಂಟ್ ಜಾನ್ ಹರ್ಷೆಲ್ ದೂರದರ್ಶಕಕ್ಕೆ ಸ್ಪೆಕ್ಟ್ರೋಸ್ಕೋಪ್ ಸಿಕ್ಕಿಸಿಕೊಂಡು ಕಾದು ಕೂತಿದ್ದ. ಹಾಳಾದ ಮಳೆಗಾಲದ ಮೋಡ! ನಡುವೆ ಒಂದಿಷ್ಟು ತೆರವಾದಾಗ, ಸೂರ್ಯನ ಅಂಚಿನ ಜ್ವಾಲೆಯ ಬೆಳಕಿನಲ್ಲಿ ಮೂರು ಗೆರೆ ಕಂಡವು: ಕೆಂಪು, ಕಿತ್ತಳೆ, ನೀಲಿ. ಕಿತ್ತಳೆಯದ್ದು ಸೋಡಿಯಂ, ಅನುಮಾನವೇ ಇಲ್ಲ ಅಂದುಕೊಂಡ.

ಅದು ಸೋಡಿಯಂ ಆಗಿರಲಿಲ್ಲ. ಭೂಮಿಯ ಮೇಲೆ ಆವರೆಗೆ ಯಾರೂ ಗುರುತಿಸಿರದ ಹೀಲಿಯಂ. ಅದೇ ವರ್ಷದ ಕೊನೆಗೆ ಇಂಗ್ಲೆಂಡಿನ ನಾರ್ಮನ್ ಲಾಕಿಯರ್, ಆ ಗೆರೆ ಸೋಡಿಯಂ ಜಾಗದಿಂದ ಚೂರು ಪಕ್ಕಕ್ಕಿದೆ ಅಂತ ಕಂಡುಕೊಂಡ. 1895ರಲ್ಲಿ ವಿಲಿಯಂ ರಾಮ್ಸೆ ಯುರೇನಿಯಂ ಇರುವ ಖನಿಜವೊಂದರಿಂದ ಅದನ್ನು ಹೊರತೆಗೆದ.

ಮಜಾ ಏನು ಗೊತ್ತಾ? ಜಾನ್‌ನ ತಾತ ವಿಲಿಯಂ ಹರ್ಷೆಲ್ ಕೂಡ 1781ರಲ್ಲಿ ಯುರೇನಸ್ ನೋಡಿ ಮೊದಲು ಧೂಮಕೇತು ಅಂದಿದ್ದ. ಆದರೆ ಅದು ಮತ್ತೆ ಮತ್ತೆ ನೋಡಲು ಸಿಕ್ಕಿತು, ತಪ್ಪು ತಿದ್ದಿಕೊಳ್ಳಲು ಸಮಯವಿತ್ತು. ಮೊಮ್ಮಗನಿಗೆ ಸಿಕ್ಕಿದ್ದು ಕೆಲವೇ ಕ್ಷಣ.

ಅವನನ್ನು ನೋಡಿ ನಗಲು ನನಗೆ ಬಾಯಿಲ್ಲ. ಆಫೀಸಿನಲ್ಲಿ ಹೊಸ ತೊಂದರೆ ಬಂದರೆ ‘ಇದು ಹಳೇದೇ’ ಅಂತ ಟಿಕೆಟ್ ಮುಚ್ಚುವವನು ನಾನು. ಗೊತ್ತಿಲ್ಲದ್ದು ಎದುರಿಗೆ ಬರುವಾಗ ಗೊತ್ತಿರುವುದರ ಮುಖ ಹೊತ್ತೇ ಬರುತ್ತೆ. ಚೂರು ಪಕ್ಕಕ್ಕಿದೆಯಾ ಅಂತ ಇನ್ನೊಮ್ಮೆ ಅಳೆಯಬೇಕು, ಅಷ್ಟೇ.