ಭಾಂಡ ಪರಿಗ್ರಹ: ಮನೆಯ ಹಳೆಯ ಪಾತ್ರೆಗಳನ್ನು ಕುರಿತು ಒಂದು ಇತಿಹಾಸ ವಿಚಾರ

ಗೃಹಸ್ಥನ ಬಾಹ್ಯ ಪರಿಗ್ರಹಗಳನ್ನು ಎಣಿಸುವಾಗ ನಮ್ಮ ಶಾಸ್ತ್ರಕಾರರು ಹತ್ತು ಹೆಸರುಗಳನ್ನು ಹೇಳುತ್ತಾರೆ: ಕ್ಷೇತ್ರ, ವಾಸ್ತು, ಧನ, ಧಾನ್ಯ, ದ್ವಿಪದ, ಚತುಷ್ಪದ, ಯಾನ, ಶಯ್ಯಾಸನ, ಕುಪ್ಯ, ಭಾಂಡ. ಹೊಲದಿಂದ ಆರಂಭವಾದ ಈ ಪಟ್ಟಿ ಅಡಿಗೆಮನೆಯ ಪಾತ್ರೆಗೆ ಬಂದು ನಿಲ್ಲುತ್ತದೆ. ಆ ಕೊನೆಯ ಶಬ್ದವು ಕುಡಚಿ, ರಾಯಬಾಗ, ಅಥಣಿ, ಚಿಕ್ಕೋಡಿ ಕಡೆಯ ನಮ್ಮ ತಾಯಂದಿರ ಬಾಯಲ್ಲಿ ಇಂದಿಗೂ ಬಳಕೆಯಲ್ಲಿದೆ. ‘ಬಾಂಡೆ ತಿಕ್ಕಬೇಕು’, ‘ಬಾಂಡೆ ಸಾಮಾನು ತೆಗೆದಿಡು’ ಎಂದು ಅವರು ನಿತ್ಯ ಆಡುವ ಮಾತು ಶಾಸ್ತ್ರದ ‘ಭಾಂಡ’ವೇ, ನೆರೆಯ ಮರಾಠಿಯ ಉಚ್ಚಾರವನ್ನು ಹೊದ್ದುಕೊಂಡಿದೆ, ಅಷ್ಟೆ.

ಈ ಶಬ್ದ ನನ್ನ ನೆನಪಿಗೆ ಬರಲು ಕಾರಣವಾದದ್ದು ಒಂದು ಹರಿವಾಣ. ದಶಲಕ್ಷಣ ಪರ್ವದ ಸಮಯದಲ್ಲಿ ಕುಡಚಿಗೆ ಹೋಗಿದ್ದಾಗ ಪರಿಚಿತ ಶ್ರಾವಕರೊಬ್ಬರು ತಾವು ಕಟ್ಟಿಸಿದ ಹೊಸ ಮನೆಯನ್ನು ಅಭಿಮಾನದಿಂದ ತೋರಿಸಿದರು. ಪಡಸಾಲೆಯ ಒಂದು ಗೋಡೆಯುದ್ದಕ್ಕೂ ಗಾಜಿನ ಶೋಕೇಸು. ಅದರೊಳಗೆ ಸಣ್ಣ ದೀಪಗಳ ಬೆಳಕಿನಲ್ಲಿ ಅಡಕೊತ್ತುಗಳು, ತಾಂಬೂಲದ ಡಬ್ಬಿ, ಹಿತ್ತಾಳೆಯ ಸಮೆಗಳು, ಕಡಗೋಲು, ಸೇರು-ಪಾವುಗಳ ಸಾಲು. ಮೆಟ್ಟಿಲ ಬಳಿ ಬೀಸುವ ಕಲ್ಲು ಹೂವಿನ ಕುಂಡಕ್ಕೆ ಪೀಠವಾಗಿತ್ತು. ನೀರು ಕಾಯಿಸುವ ತಾಮ್ರದ ಬಂಬು ಮೂಲೆಯಲ್ಲಿ ಥಳಥಳಿಸುತ್ತಿತ್ತು. ಇವುಗಳಲ್ಲಿ ಮನೆತನದವು ನಾಲ್ಕೋ ಐದೋ. ಉಳಿದವನ್ನೆಲ್ಲ ಪಟ್ಟಣದ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಹುಡುಕಿ ತಂದದ್ದು ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಮಧ್ಯದಲ್ಲಿ ಇಟ್ಟಿದ್ದ ದೊಡ್ಡ ಹರಿವಾಣವನ್ನು ನಾನು ಕೈಗೆತ್ತಿಕೊಂಡು ಮಗುಚಿ ನೋಡಿದೆ. ತಳದಲ್ಲಿ ಚುಕ್ಕಿ ಹೊಡೆದ ಬಾಲಬೋಧ ಅಕ್ಷರಗಳು: ಒಬ್ಬ ಸ್ತ್ರೀಯ ಹೆಸರು, ನೋಂಪಿಯ ಉದ್ಯಾಪನೆಯಲ್ಲಿ ಬಸದಿಗೆ ಕೊಟ್ಟದ್ದು ಎಂಬ ಮಾತು, ಒಂದು ಊರಿನ ಹೆಸರು. ಊರು ಅಲ್ಲಿಂದ ದೂರವೇನಲ್ಲ. ಅದನ್ನು ಇಲ್ಲಿ ಹೇಳುವುದು ಉಚಿತವಲ್ಲ.

ಶ್ರಾವಕರ ಮುಖ ಬಾಡಿತು. “ರೊಕ್ಕಾ ಕೊಟ್ಟ ತಗೊಂಡೇನ್ರಿ. ಇದರಾಗ ನನ್ನ ತಪ್ಪೇನೈತಿ?” ಎಂದು ಕೇಳಿದರು. ಆ ಪ್ರಶ್ನೆಗೆ ಅಂದು ನಾನು ಸರಿಯಾದ ಉತ್ತರ ಕೊಡಲಿಲ್ಲ. ಈ ಲೇಖನ ಅದಕ್ಕಾಗಿ.

ಈ ಪಾತ್ರೆಗಳು ನಮ್ಮ ಮನೆಗಳಿಗೆ ಬಂದ ಬಗೆಯನ್ನು ಮೊದಲು ನೋಡಬೇಕು. ತಾಮ್ರ, ಹಿತ್ತಾಳೆ, ಕಂಚಿನ ಪಾತ್ರೆಗಳ ವ್ಯಾಪಾರವೂ ಕೆಲಸವೂ ಬಹುಕಾಲದಿಂದ ನಮ್ಮ ಸಮಾಜದ್ದೇ ಒಂದು ಶಾಖೆಯ ಕೈಯಲ್ಲಿತ್ತು. ಕನ್ನಡದಲ್ಲಿ ಬೋಗಾರರು, ಮರಾಠಿಯಲ್ಲಿ ಕಾಸಾರರು ಎನಿಸಿಕೊಂಡ ಈ ಜೈನ ಮನೆತನಗಳು ಪೇಟೆಯಲ್ಲಿ ಅಂಗಡಿ ಇಟ್ಟು, ಸಂತೆಯಿಂದ ಸಂತೆಗೆ ಸರಕು ಒಯ್ದು ಬಾಳಿದವು. ಬೆಳಗಾವಿಯ ಬೋಗಾರವೇಸಿನಲ್ಲಿ ದಿನವೂ ಓಡಾಡುವವರಲ್ಲಿ ಎಷ್ಟು ಜನ ಆ ಹೆಸರಿನ ಅರ್ಥವನ್ನು ಯೋಚಿಸಿದ್ದಾರೋ ತಿಳಿಯದು. 19ನೆಯ ಶತಮಾನದ ಉತ್ತರಾರ್ಧದಲ್ಲಿ ದಕ್ಷಿಣ ಮರಾಠಾ ರೈಲ್ವೆಯ ಹಳಿಗಳು ಈ ಭಾಗಕ್ಕೆ ಬಂದ ಮೇಲೆ ಮಿರಜ ಮಾರ್ಗವಾಗಿ ಪುಣೆಯ ಕಡೆಯ ಸರಕು ಕುಡಚಿಯಂತಹ ನಿಲ್ದಾಣಗಳಲ್ಲಿ ಇಳಿಯುವುದು ಸುಲಭವಾಯಿತು. ಕೃಷ್ಣೆಯ ಎರೆಮಣ್ಣಿನ ಬೆಳೆ ಕೈಗೆ ಬಂದ ವರ್ಷ ಹಂಡೆಯೊಂದು, ಮಗಳ ಮದುವೆಗೆ ಕೊಡ-ತಂಬಿಗೆಗಳ ಜೊತೆಯೊಂದು ಎಂದು ಮನೆ ತುಂಬುತ್ತಿತ್ತು. ರೈತಾಪಿ ಜೈನ ಮನೆತನಗಳಲ್ಲಿ ಪಾತ್ರೆಯೇ ಬ್ಯಾಂಕು. ಬರಗಾಲದಲ್ಲಿ ಮೊದಲು ಒತ್ತೆಗೆ ಹೋಗುತ್ತಿದ್ದುದು ಅದೇ.

ಪಾತ್ರೆಗೆ ಹೆಸರು ಹಾಕಿಸುವ ಪದ್ಧತಿಯನ್ನು ಹಗುರವಾಗಿ ಕಾಣಬಾರದು. ಕೊಟ್ಟವರು ಯಾರು, ಪಡೆದವರು ಯಾರು, ಯಾವ ನಿಮಿತ್ತ ಎಂಬ ಮೂರನ್ನೂ ಒಂದು ಗೇಣು ಜಾಗದಲ್ಲಿ ಹೇಳುವ ಬರಹಕ್ಕೆ ಇತಿಹಾಸದಲ್ಲಿ ಒಂದೇ ಹೆಸರು: ದಾನಶಾಸನ. ಕನ್ನಡ ಮಾತನಾಡುವ ಮನೆಯ ಪಾತ್ರೆಯ ಮೇಲೆ ಮರಾಠಿ ಅಕ್ಷರ ಇರುವುದನ್ನು ಕಂಡು ಕೆಲವರು ಹುಬ್ಬೇರಿಸುವುದುಂಟು. 1956ರ ನವೆಂಬರ್ 1ರವರೆಗೆ ಬೆಳಗಾವಿ ಜಿಲ್ಲೆ ಮುಂಬೈ ಪ್ರಾಂತದಲ್ಲಿತ್ತು. ಕಚೇರಿ, ಪೇಟೆ, ಶಾಲೆಗಳಲ್ಲಿ ಮರಾಠಿಯ ಬಳಕೆ ಹೆಚ್ಚಾಗಿತ್ತು. ಮನೆಯಲ್ಲಿ ಒಂದು ಭಾಷೆ, ಲೆಕ್ಕದಲ್ಲಿ ಇನ್ನೊಂದು, ಪೂಜೆಯಲ್ಲಿ ಪ್ರಾಕೃತ-ಸಂಸ್ಕೃತ ಎಂಬುದು ಈ ಗಡಿಭಾಗದ ಶ್ರಾವಕರಿಗೆ ಸಹಜವಾಗಿತ್ತು. ಅದಕ್ಕೆ ಸಾಕ್ಷಿ ಬೇಕಾದವರು ಅಟ್ಟ ಹತ್ತಿದರೆ ಸಾಕು.

ಈ ಸಾಕ್ಷಿ ಕರಗಿದ್ದು ಬಹಳ ಬೇಗ. ಅಳತೆ-ತೂಕದ 1956ರ ಕಾನೂನಿನಿಂದ ಮೆಟ್ರಿಕ್ ಪದ್ಧತಿ ಬಂದು ಸೇರು, ಪಾವು, ಚಟಾಕುಗಳು ವ್ಯವಹಾರದಿಂದ ಹೊರಬಿದ್ದವು. ಅನಂತರ ಸ್ಟೀಲು ಬಂದಿತು. ಹುಣಸೆಹಣ್ಣು ಹಚ್ಚಿ ತಿಕ್ಕುವ ಕಷ್ಟವಿಲ್ಲ, ಕಲಾಯಿಯವನನ್ನು ಕಾಯುವ ಕೆಲಸವಿಲ್ಲ. ತಾಮ್ರ-ಹಿತ್ತಾಳೆಯನ್ನು ತೂಕಕ್ಕೆ ಹಾಕಿ ಸ್ಟೀಲು ತಂದ ನಮ್ಮ ತಾಯಂದಿರನ್ನು ದೂರುವವರು ಒಂದು ದಿನವಾದರೂ ಆ ಹಂಡೆಯನ್ನು ತಿಕ್ಕಿ ನೋಡಿದವರಲ್ಲ ಎಂದು ನನ್ನ ಅನಿಸಿಕೆ. ನಮ್ಮ ಮನೆಯ ಬಂಬೂ ಹಾಗೆಯೇ ಹೋಯಿತು. ಅಜ್ಜಿ ಅದನ್ನು ಕೊಡುವ ಮುನ್ನ ಒಳಗೆ ಕೈಹಾಕಿ ಬೂದಿಯನ್ನೆಲ್ಲ ತೆಗೆದು ಒರೆಸಿದ್ದು ಮಾತ್ರ ನನಗೆ ನೆನಪಿದೆ. ಅದರ ಮೇಲೆ ಏನು ಬರೆದಿತ್ತೆಂಬುದು ನೆನಪಿಲ್ಲ.

ಉಳಿದದ್ದಕ್ಕೆ ನದಿಯೂ ಕೈಹಾಕಿತು. 2005ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿದಾಗ ದಂಡೆಯ ಊರುಗಳಲ್ಲಿ ಮಣ್ಣಿನ ಮನೆಗಳು ಕುಸಿದವು. ತಾಮ್ರವನ್ನು ತೊಳೆದರೆ ತಾಮ್ರ ಉಳಿಯುತ್ತದೆ. ಕಾಗದ, ಕಡತ, ಕಟ್ಟಿಗೆಯ ಪೆಟ್ಟಿಗೆಗಳು ಉಳಿಯುವುದಿಲ್ಲ. ಬಿದ್ದ ಮನೆಯ ಚೌಕಟ್ಟು-ಕಂಬಗಳಿಗೆ ಮನೆಯವರ ಕಣ್ಣಲ್ಲಿ ಬೆಲೆ ಇಳಿದಿರುವ ವೇಳೆಯಲ್ಲೇ ಕೊಳ್ಳುವವರು ಬಂದು ನಿಲ್ಲುವುದು ಲೋಕದ ರೀತಿ.

ಹಾಗಾದರೆ ಸಂಗ್ರಹಿಸುವವನು ತಪ್ಪುಗಾರನೇ? ಒಬ್ಬ ಮನುಷ್ಯನ ಹುಚ್ಚಿನಿಂದ ಒಂದು ನಾಡಿನ ಗೃಹಜೀವನವೇ ಉಳಿದ ಉದಾಹರಣೆ ನಮ್ಮ ನೆರೆಯಲ್ಲೇ ಇದೆ. ಪುಣೆಯ ದಿನಕರ ಕೇಳ್ಕರರು (1896–1990) ಕನ್ನಡಕದ ಅಂಗಡಿ ನಡೆಸುತ್ತಿದ್ದವರು, ‘ಅಜ್ಞಾತವಾಸಿ’ ಎಂಬ ಹೆಸರಿನಲ್ಲಿ ಮರಾಠಿ ಕವಿತೆ ಬರೆದವರು. 1920ರ ಸುಮಾರಿಗೆ ಅವರು ಹಳೆಯ ವಸ್ತುಗಳನ್ನು ಕೂಡಿಸಲು ಆರಂಭಿಸಿದರು. ಅರಸರ ಕತ್ತಿ-ಕಿರೀಟಗಳ ಹಿಂದೆ ಬೀಳದೆ ಅಡಕೊತ್ತು, ದೀಪ, ಪಾತ್ರೆ, ಬಾಗಿಲವಾಡ, ಆಟಿಕೆಗಳನ್ನು ಊರೂರು ತಿರುಗಿ ತಂದರು. ಬಾಲ್ಯದಲ್ಲೇ ತೀರಿಹೋದ ಮಗ ರಾಜಾನ ಹೆಸರನ್ನು ಆ ಸಂಗ್ರಹಾಲಯಕ್ಕೆ ಇಟ್ಟರು. ವಸ್ತುಗಳ ಸಂಖ್ಯೆ ಸುಮಾರು 20,000ಕ್ಕೆ ಮುಟ್ಟಿತು. ಅಷ್ಟನ್ನೂ ಅವರು ಕೊನೆಗೆ ಮಹಾರಾಷ್ಟ್ರ ಸರ್ಕಾರಕ್ಕೆ ಕೊಟ್ಟುಬಿಟ್ಟರು. ನಮ್ಮ ಕಡೆ ಮಣಿಪಾಲದಲ್ಲಿ ಬ್ಯಾಂಕ್ ನೌಕರರಾಗಿದ್ದ ವಿಜಯನಾಥ ಶೆಣೈಯವರು ಕೆಡವುತ್ತಿದ್ದ ಹಳೆಯ ಮನೆಗಳ ಭಾಗಗಳನ್ನು ತಂದು ಜೋಡಿಸಿ ಹಸ್ತಶಿಲ್ಪ ಪರಂಪರೆಯ ಗ್ರಾಮವನ್ನು ನಿಲ್ಲಿಸಿದರು. ಧರ್ಮಸ್ಥಳದಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರ ‘ಮಂಜೂಷಾ’ ವಸ್ತುಸಂಗ್ರಹಾಲಯವನ್ನು ಯಾತ್ರೆಗೆ ಹೋದ ನಮ್ಮವರೆಲ್ಲ ನೋಡಿರುತ್ತಾರೆ. ಈ ಮೂರೂ ಕಡೆ ವಸ್ತು ಒಬ್ಬನ ಪಡಸಾಲೆಯಲ್ಲಿ ನಿಲ್ಲದೆ ದಾರಿಹೋಕನಿಗೂ ಕಾಣುವಂತಾಯಿತು.

ಆದರೆ ಸಂಗ್ರಹಾಲಯಕ್ಕೆ ಹೋದದ್ದೆಲ್ಲ ಸರಿಯಾಗಿ ಹೋಯಿತು ಎನ್ನಲಾಗದು. ರಟ್ಟರ ದೊರೆ ನಾಲ್ಕನೆಯ ಕಾರ್ತವೀರ್ಯನ ಅಧಿಕಾರಿ ಬೀಚಣನು 13ನೆಯ ಶತಮಾನದ ಆರಂಭದಲ್ಲಿ ಬೆಳಗಾವಿಯಲ್ಲಿ ರಟ್ಟ ಜಿನಾಲಯವನ್ನು ಕಟ್ಟಿಸಿದ ಸಂಗತಿ ನಮಗೆ ತಿಳಿದದ್ದು ಕೋಟೆಯಲ್ಲಿದ್ದ ಹಳಗನ್ನಡ ಶಾಸನಗಳಿಂದ. ಆ ಕಲ್ಲುಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಬಸದಿ ಇಲ್ಲಿ, ಬಸದಿಯ ದಾನಪತ್ರ ಏಳು ಸಮುದ್ರದ ಆಚೆ. ಇದನ್ನು ಕೇಳಿ ನಮ್ಮ ಯುವಕರು ಕೆರಳುತ್ತಾರೆ, ಕೆರಳಬೇಕಾದದ್ದೇ. ಆದರೂ ಆ ಶಾಸನಗಳನ್ನು ವಿದ್ವಾಂಸರು ಓದಿ, ಅಕ್ಷರಕ್ಕೆ ಅಕ್ಷರ ಅಚ್ಚು ಹಾಕಿಸಿದ್ದಾರೆ. ಕಲ್ಲು ದೂರವಾದರೂ ಮಾತು ಕಳೆದಿಲ್ಲ. ನಮ್ಮ ಬಸದಿಗಳ ಪಾತ್ರೆಗಳ ಮೇಲಿನ ಮಾತನ್ನು ಯಾರು ಓದಿ ಇಟ್ಟಿದ್ದಾರೆ? ಸದಲಗೆಯಲ್ಲಿ ಹುಟ್ಟಿದ ಡಾ. ಆ. ನೇ. ಉಪಾಧ್ಯೆಯವರು (1906–1975) ಪ್ರಾಕೃತ ಗ್ರಂಥಗಳನ್ನು ಸಂಪಾದಿಸುವಾಗ ಒಂದೊಂದು ಹಸ್ತಪ್ರತಿಯ ಲಕ್ಷಣವನ್ನೂ ಎಷ್ಟು ಜತನದಿಂದ ದಾಖಲಿಸಿದರೆಂಬುದನ್ನು ಅವರ ಪೀಠಿಕೆಗಳನ್ನು ಓದಿದವರು ಬಲ್ಲರು. ಆ ಶಿಸ್ತಿನ ನೂರರಲ್ಲಿ ಒಂದು ಪಾಲು ಬಸದಿಯ ಉಗ್ರಾಣಕ್ಕೆ ಸಂದಿದ್ದರೂ ಸಾಕಿತ್ತು.

ಇಲ್ಲಿ ವಿಶ್ವಸ್ತ ಮಂಡಳಿಗಳಿಗೆ ಎರಡು ಮಾತು ಹೇಳದೆ ವಿಧಿಯಿಲ್ಲ. ಜೀರ್ಣೋದ್ಧಾರದ ಸಂಭ್ರಮದಲ್ಲಿ ಹಳೆಯ ಪಾತ್ರೆಗಳನ್ನು ಲಿಲಾವಿಗೆ ಹಾಕಿ ತೂಕದ ಬೆಲೆಗೆ ಕೊಡುವುದು ಪದ್ಧತಿಯಾಗಿದೆ. ಕಾರಣ ಕೇಳಿದರೆ ಸೀಳುಬಿಟ್ಟಿದ್ದವು, ಇಡಲು ಜಾಗವಿರಲಿಲ್ಲ, ಶಿಖರದ ಕೆಲಸಕ್ಕೆ ಹಣ ಬೇಕಿತ್ತು ಎನ್ನುತ್ತಾರೆ. ಕಾರಣಗಳು ಸುಳ್ಳಲ್ಲ. ಆದರೆ ದೇವರಿಗೆ ಸಮರ್ಪಿತವಾದದ್ದನ್ನು ಗೃಹಸ್ಥನು ಭೋಗಿಸಬಾರದು ಎಂದು ನಿರ್ಮಾಲ್ಯದ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾಗಿರುವ ನಾವು, ಒಬ್ಬ ತಾಯಿ ಉಪವಾಸವಿದ್ದು ಪೂರ್ಣಗೊಳಿಸಿದ ನೋಂಪಿಯ ಪಾತ್ರೆಯನ್ನು ಗುಜರಿಯ ತಕ್ಕಡಿಗೆ ಏರಿಸುವಾಗ ಅದರ ತಳವನ್ನು ತಿರುಗಿಸಿಯೂ ನೋಡುವುದಿಲ್ಲ. ಮಾರಲೇಬೇಕಾದರೆ ಮೊದಲು ಬರಹವನ್ನು ನಕಲು ಮಾಡಿ, ಕೊಟ್ಟವರ ಮನೆತನಕ್ಕೆ ತಿಳಿಸಿ, ಆಮೇಲೆ ಮಾರಲಿ. ಹಾಗೆ ಮಾಡಿದರೆ ಅರ್ಧಕ್ಕರ್ಧ ಪಾತ್ರೆ ಮಾರಾಟಕ್ಕೇ ಬಾರದು ಎಂದು ನನ್ನ ನಂಬಿಕೆ.

ವಿಗ್ರಹಗಳ ಮಾತು ಬೇರೆ. ಮನೆಯ ದೇವರಕೋಣೆಯಿಂದ ಶೋಕೇಸಿಗೆ ಬಂದ ಪಂಚಲೋಹದ ಜಿನಬಿಂಬಗಳನ್ನು ನಾನು ಕಂಡಿದ್ದೇನೆ. ಪಕ್ಕದಲ್ಲಿ ಪಿಂಗಾಣಿ ಬೊಂಬೆ ಇದ್ದುದನ್ನೂ ಕಂಡಿದ್ದೇನೆ. ಇದರ ಅವಿನಯವನ್ನು ವಿವರಿಸಬೇಕಾಗಿಲ್ಲ. ಕಾನೂನನ್ನಾದರೂ ತಿಳಿದಿರಲಿ: 1976ರಲ್ಲಿ ಜಾರಿಗೆ ಬಂದ 1972ರ ಪುರಾವಸ್ತು ಅಧಿನಿಯಮದ ಪ್ರಕಾರ ನೂರು ವರ್ಷ ಮೀರಿದ ಲೋಹದ ಅಥವಾ ಶಿಲೆಯ ಮೂರ್ತಿಗಳನ್ನು ನೋಂದಾಯಿಸಬೇಕು. ಪುರಾವಸ್ತುವಿನ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅದನ್ನು ಹೊರದೇಶಕ್ಕೆ ಒಯ್ಯುವಂತಿಲ್ಲ. ಹಸ್ತಪ್ರತಿಗಳಿಗೆ ಈ ಅವಧಿ 75 ವರ್ಷ.

ಇನ್ನು ಶ್ರಾವಕರ ಪ್ರಶ್ನೆ. ಉಮಾಸ್ವಾಮಿಗಳು ಪರಿಗ್ರಹವನ್ನು ವಸ್ತುವಿನ ಎಣಿಕೆಯಿಂದ ಲಕ್ಷಣಿಸಲಿಲ್ಲ. ಮೂರ್ಛೆಯಿಂದ, ಎಂದರೆ ‘ಇದು ನನ್ನದು’ ಎಂಬ ಮೈಮರೆವಿನಿಂದ ಲಕ್ಷಣಿಸಿದರು. ಸಮಂತಭದ್ರಾಚಾರ್ಯರು ಪರಿಗ್ರಹ ಪರಿಮಾಣ ವ್ರತದ ಐದು ಅತಿಚಾರಗಳನ್ನು ಹೇಳುವಲ್ಲಿ ಅತಿಸಂಗ್ರಹದ ಜೊತೆಗೇ ವಿಸ್ಮಯವನ್ನೂ ಸೇರಿಸಿದ್ದಾರೆ. ಇನ್ನೊಬ್ಬರ ಲಾಭವನ್ನು ಕಂಡು ಮನಸ್ಸು ಕಲಕುವುದು ಎಂದು ಅದರ ಭಾವ. ಪ್ರದರ್ಶನದ ಕಪಾಟು ಮನೆಗೆ ಬಂದವರಲ್ಲಿ ಎಬ್ಬಿಸುವುದು ಬಹುಮಟ್ಟಿಗೆ ಇದನ್ನೇ ಅಲ್ಲವೇ? ಅಜ್ಜಿಯ ಅಡಕೊತ್ತನ್ನು ಇಟ್ಟುಕೊಂಡು ಮೊಮ್ಮಗಳಿಗೆ ಅದರ ಕಥೆ ಹೇಳುವವನಿಗೂ, ಯಾರದೋ ಅಜ್ಜಿಯ ಅಡಕೊತ್ತುಗಳನ್ನು ಇಪ್ಪತ್ತು ಕೊಂಡು ಸಾಲಾಗಿ ಜೋಡಿಸುವವನಿಗೂ ನಡುವಿನ ಅಂತರ ಸಂಖ್ಯೆಯದಷ್ಟೇ ಅಲ್ಲ. ಎರಡನೆಯವನ ಮನೆಯಲ್ಲಿ ಹೇಳಲು ಕಥೆಯೇ ಇರುವುದಿಲ್ಲ, ಬೆಲೆ ಇರುತ್ತದೆ.

ಭೋಜದ ಆಚಾರ್ಯ ಶಾಂತಿಸಾಗರರು (1872–1955), ಶೇಡಬಾಳದ ಆಚಾರ್ಯ ವಿದ್ಯಾನಂದರು (1925–2019), ಸದಲಗೆಯ ಆಚಾರ್ಯ ವಿದ್ಯಾಸಾಗರರು (1946–2024) ನಮ್ಮ ಇದೇ ಸೀಮೆಯ ಮನೆಗಳಿಂದ ಹೊರಟವರು. ಆ ಮನೆಗಳಲ್ಲಿಯೂ ಕೊಡ-ಹಂಡೆಗಳಿದ್ದವು. ಹೊರಟವರು ಒಂದು ಬಟ್ಟಲನ್ನೂ ಒಯ್ಯಲಿಲ್ಲ. ದಿಗಂಬರ ಮುನಿಗೆ ಅಂಗೈಯೇ ಪಾತ್ರೆ. ವಿಚಿತ್ರವೆಂದರೆ, ಮುನಿಸಂಘ ಊರಿಗೆ ಬಂದಾಗಲೇ ನಮ್ಮ ಅಟ್ಟದ ಹಿತ್ತಾಳೆ ಕೆಳಗಿಳಿಯುವುದು. ಚೌಕೆಗೆಂದು ತೊಳೆದು, ಸೋಸಿದ ನೀರು ತುಂಬಿ, ಆಹಾರದಾನದ ಅಡಿಗೆ ಅದರಲ್ಲಿ ನಡೆಯುತ್ತದೆ. ಅಂತಹ ನಾಲ್ಕು ಪಾತ್ರೆ ಮನೆಯಲ್ಲಿದ್ದರೆ ಅವನ್ನು ಗಾಜಿನೊಳಗೆ ಬೀಗ ಹಾಕಿ ಇಡುವ ಅಗತ್ಯವೇ ಬೀಳದು.

ಹರಿವಾಣದ ಶ್ರಾವಕರಿಗೆ ನಾನು ಪತ್ರದಲ್ಲಿ ಇಷ್ಟನ್ನೇ ಬರೆದೆ: ಕೊಂಡದ್ದು ತಪ್ಪಲ್ಲ, ಓದಿದ ಮೇಲೆಯೂ ಇಟ್ಟುಕೊಂಡರೆ ಯೋಚಿಸಬೇಕು. ಎರಡು ತಿಂಗಳ ಮೇಲೆ ಅವರೇ ಕರೆದರು. ಇಬ್ಬರೂ ಹರಿವಾಣವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಆ ಊರಿನ ಬಸದಿಗೆ ಹೋದೆವು. ವಿಶ್ವಸ್ತರು ಮೊದಲು ಸಂಕೋಚಪಟ್ಟರು, ಆಮೇಲೆ ಲಿಲಾವಿನ ಕಾಗದವನ್ನು ಹುಡುಕಿ ತೆಗೆದರು. ‘ಹಳೇ ಹಿತ್ತಾಳಿ ಸಾಮಾನು’ ಎಂದು ಒಂದೇ ಸಾಲು, ಮುಂದೆ ತೂಕ. ಪೂಜೆಯ ಉಪಾಧ್ಯೆಯವರು ಹರಿವಾಣವನ್ನು ಮಗುಚಿ ಬೆಳಕಿಗೆ ಹಿಡಿದು ಹೆಸರನ್ನು ಗಟ್ಟಿಯಾಗಿ ಓದಿದಾಗ, ಕಟ್ಟೆಯ ಮೇಲೆ ಕುಳಿತಿದ್ದ ವೃದ್ಧೆಯೊಬ್ಬರು ಅದು ತಮ್ಮ ಅತ್ತೆಯ ಹೆಸರು ಎಂದರು. ಎದ್ದು ಬಂದು ಅಕ್ಷರಗಳ ಮೇಲೆ ಬೆರಳಾಡಿಸಿದರು. ಅವರಿಗೆ ಓದು ಬಾರದು. ಯಾವ ವರ್ಷದ ನೋಂಪಿ ಎಂದು ನಾನು ಕೇಳಿದೆ. ಅವರಿಗೆ ನೆನಪಿರಲಿಲ್ಲ, ಹರಿವಾಣದ ಮೇಲೂ ಬರೆದಿರಲಿಲ್ಲ.