ಕರ್ನಾಟಕದಲ್ಲಿ ಮಹಿಳಾ ಸಂಘಗಳ ಉದ್ಯಮಶೀಲತೆ

ಬಡ ಕುಟುಂಬಗಳ ಮಹಿಳೆಯರು ಸ್ವಸಹಾಯ ಸಂಘಗಳಲ್ಲಿ ಒಗ್ಗೂಡಿ, ಉಳಿತಾಯ ಮತ್ತು ಸಾಲದ ವ್ಯವಹಾರದಿಂದ ಸಣ್ಣ ಉದ್ದಿಮೆಗಳತ್ತ ಸಾಗಿಬಂದ ಬೆಳವಣಿಗೆ. 1980ರ ದಶಕದಲ್ಲಿ ಆರಂಭವಾದ ಈ ಪ್ರಯೋಗದ ಮೇಲೆಯೇ ದೇಶದ ಸ್ವಸಹಾಯ ಸಂಘ–ಬ್ಯಾಂಕ್ ಜೋಡಣೆಯ ಕಾರ್ಯಕ್ರಮ ಬಹುಮಟ್ಟಿಗೆ ರೂಪುಗೊಂಡಿತು.

ಮೂಲ
ಟಿಬೆಟಿನ ನಿರಾಶ್ರಿತರ ಪುನರ್ವಸತಿಗಾಗಿ 1968ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೈರಾಡ ಸಂಸ್ಥೆ ಮುಂದೆ ಗ್ರಾಮೀಣ ಬಡವರ ನಡುವೆ ಕೆಲಸಕ್ಕಿಳಿಯಿತು. ಅದರ ಯೋಜನಾ ಪ್ರದೇಶಗಳಲ್ಲಿದ್ದ ದೊಡ್ಡ ಸಹಕಾರ ಸಂಘಗಳು 1984–85ರ ಸುಮಾರಿಗೆ ಕುಸಿಯತೊಡಗಿದವು. ಮುಂದಾಳುಗಳ ಮೇಲೆ ನಂಬಿಕೆ ಕಳೆದುಕೊಂಡ ಸದಸ್ಯರು, ಸಾಲದ ಹಣವನ್ನು ಸಹಕಾರ ಸಂಘಕ್ಕೆ ಕಟ್ಟುವ ಬದಲು ಮೈರಾಡಕ್ಕೇ ಕಟ್ಟುತ್ತೇವೆ ಎಂದರು. ನಿಮ್ಮ ನಿಮ್ಮಲ್ಲೇ ಕಟ್ಟಿಕೊಂಡು ನೀವೇ ನಡೆಸಿಕೊಳ್ಳಬಾರದೇಕೆ ಎಂದು ಸಂಸ್ಥೆ ಕೇಳಿತು. ಪರಸ್ಪರ ಪರಿಚಯ, ವಿಶ್ವಾಸಗಳ ಮೇಲೆ ನಿಂತ ಸಣ್ಣ ಸಂಘಗಳು ಹೀಗೆ ಹುಟ್ಟಿಕೊಂಡವು. ಅಲೋಷಿಯಸ್ ಫರ್ನಾಂಡಿಸ್ ಆಗ ಮೈರಾಡದ ನೇತೃತ್ವ ವಹಿಸಿದ್ದರು.

ಈ ಸಂಘಗಳ ತರಬೇತಿ ಮತ್ತು ನಿಧಿಗಾಗಿ ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕ್ (ನಬಾರ್ಡ್) 1987ರಲ್ಲಿ 10 ಲಕ್ಷ ರೂಪಾಯಿ ನೀಡಿತು. ನೋಂದಣಿಯಿಲ್ಲದ ಸಂಘಕ್ಕೂ ಅಡಮಾನವಿಲ್ಲದೆ ಸಾಲ ಕೊಡಲು ಬ್ಯಾಂಕುಗಳಿಗೆ ಅವಕಾಶ ದೊರೆತದ್ದು ನಿಜವಾದ ತಿರುವು. ಬ್ಯಾಂಕ್ ಸಾಲ ಪಡೆದ ಮೊದಲ ಸಂಘಗಳಲ್ಲಿ ಕೋಲಾರ ಜಿಲ್ಲೆಯ ಕಾಮಸಮುದ್ರ ಪ್ರದೇಶದ ವೆಂಕಟೇಶ್ವರ ಮಹಿಳಾ ಸಂಘವೂ ಒಂದು. 1991ರ ಡಿಸೆಂಬರಿನಲ್ಲಿ ವೈಶ್ಯ ಬ್ಯಾಂಕಿನ ಬಂಗಾರಪೇಟೆ ಶಾಖೆ ಅದಕ್ಕೆ ಸಾಲ ನೀಡಿತು. 1992ರಲ್ಲಿ ನಬಾರ್ಡ್ ದೇಶಾದ್ಯಂತ 500 ಸಂಘಗಳ ಗುರಿಯೊಂದಿಗೆ ಪ್ರಾಯೋಗಿಕ ಯೋಜನೆ ಆರಂಭಿಸಿತು.

ಕಾರ್ಯವಿಧಾನ
ಸಂಘವೊಂದರಲ್ಲಿ ಸಾಮಾನ್ಯವಾಗಿ 10ರಿಂದ 20 ಸದಸ್ಯೆಯರಿರುತ್ತಾರೆ. ವಾರದ ಸಭೆಯಲ್ಲಿ ಹಾಜರಿ ಹಾಕಿ, ಉಳಿತಾಯದ ಹಣ ಎಣಿಸಿ, ಸಾಲದ ಕಂತು ಜಮಾ ಮಾಡಿಕೊಂಡು, ಹೊಸ ಸಾಲದ ಬೇಡಿಕೆಗಳನ್ನು ಎಲ್ಲರೆದುರು ಚರ್ಚಿಸಲಾಗುತ್ತದೆ. ಯಾರ ಅಗತ್ಯ ಹೆಚ್ಚಿನದು, ಯಾರ ಕಂತು ಬಾಕಿಯಿದೆ ಎಂಬುದೆಲ್ಲ ಅಲ್ಲೇ ಇತ್ಯರ್ಥವಾಗಿ ನಡಾವಳಿ ಪುಸ್ತಕದಲ್ಲಿ ದಾಖಲಾಗುತ್ತದೆ. ಓದು ಬಾರದ ಸದಸ್ಯೆ ಹೆಬ್ಬೆಟ್ಟು ಒತ್ತುತ್ತಾಳೆ. ಆದರೆ ತನ್ನ ಲೆಕ್ಕ ಅವಳಿಗೆ ಬಾಯಿಪಾಠ. ಮೊದಮೊದಲ ಸಾಲಗಳು ಹೆರಿಗೆ, ಔಷಧಿ, ದಿನಸಿ, ಬಿತ್ತನೆ ಬೀಜಕ್ಕೆ ಹೋಗುತ್ತವೆ. ಕೈಸಾಲದ ಬಡ್ಡಿಯಿಂದ ಬಿಡುಗಡೆಯಾದ ಮೇಲೆಯೇ ಹಸು, ಹೊಲಿಗೆ ಯಂತ್ರ, ಕಿರಾಣಿ ಅಂಗಡಿಯ ಯೋಚನೆ ಬರುತ್ತದೆ. ಉದ್ಯಮಕ್ಕೆ ಬೇಕಾದ ಲೆಕ್ಕಾಚಾರ, ಶಿಸ್ತು ಮತ್ತು ನಾಲ್ಕು ಜನರೆದುರು ಮಾತಾಡುವ ಧೈರ್ಯ ಬೆಳೆದದ್ದು ಈ ಸಭೆಗಳಲ್ಲೇ.

ವಿಸ್ತರಣೆ
1982ರಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಕರಾವಳಿಯಿಂದ ಹೊರಟು ರಾಜ್ಯದುದ್ದಕ್ಕೂ ಸಂಘಗಳನ್ನು ಕಟ್ಟಿತು. ರಾಜ್ಯ ಸರ್ಕಾರ 2000–01ರಲ್ಲಿ ಸ್ತ್ರೀಶಕ್ತಿ ಯೋಜನೆ ಜಾರಿಗೆ ತಂದಾಗ ಸಂಘ ರಚನೆಯ ಹೊಣೆ ಹೊತ್ತವರು ಅಂಗನವಾಡಿ ಕಾರ್ಯಕರ್ತೆಯರು. ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆ ಬ್ಯಾಂಕ್ ಸಾಲಕ್ಕೆ ಸಹಾಯಧನ ಸೇರಿಸಿತು. 2011ರಲ್ಲಿ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನ ಆರಂಭವಾದ ಬಳಿಕ ರಾಜ್ಯದಲ್ಲಿ ಅದು ‘ಸಂಜೀವಿನಿ’ ಎಂಬ ಹೆಸರಿನಲ್ಲಿ ನಡೆದು, ಸಂಘಗಳನ್ನು ಪಂಚಾಯಿತಿ ಮಟ್ಟದ ಒಕ್ಕೂಟಗಳಾಗಿ ಬೆಸೆಯಿತು. ಒಕ್ಕೂಟಗಳ ಮಹಿಳೆಯರು ಒಣಕಸ ಸಂಗ್ರಹಿಸುವ ‘ಸ್ವಚ್ಛ ವಾಹಿನಿ’ ವಾಹನಗಳ ಚಾಲಕಿಯರಾದರು. ‘ಅಕ್ಕ ಕೆಫೆ’ ಎಂಬ ಉಪಾಹಾರ ಗೃಹಗಳನ್ನು ನಡೆಸತೊಡಗಿದರು. ಉತ್ತರ ಕರ್ನಾಟಕದಲ್ಲಿ ಜೋಳದ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿಗಳು ಮನೆಯ ಅಡುಗೆಯಿಂದ ಮಾರಾಟದ ಸರಕಾಗಿ ಬೆಳೆದವು.

ತರಬೇತಿ ಮತ್ತು ವಿದ್ಯಾರ್ಥಿಗಳು
ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ 1982ರಲ್ಲಿ ಉಜಿರೆಯಲ್ಲಿ ಸ್ಥಾಪಿಸಿದ ರುಡ್‌ಸೆಟ್ ಸಂಸ್ಥೆ, ಊಟ–ವಸತಿಯೊಂದಿಗೆ ಉಚಿತ ಅಲ್ಪಾವಧಿ ತರಬೇತಿ ನೀಡಿ, ಆಮೇಲೂ ಅಭ್ಯರ್ಥಿಗಳ ಬೆನ್ನಿಗೆ ನಿಲ್ಲುವ ಪದ್ಧತಿ ರೂಪಿಸಿತು. ಕೇಂದ್ರ ಸರ್ಕಾರ ಇದೇ ಮಾದರಿಯನ್ನು ಜಿಲ್ಲೆ ಜಿಲ್ಲೆಗೂ ವಿಸ್ತರಿಸಿತು. ನಗರದ ಮಹಿಳಾ ಉದ್ಯಮಿಗಳಿಗಾಗಿ 1983ರಲ್ಲಿ ಬೆಂಗಳೂರಿನಲ್ಲಿ ‘ಅವೇಕ್’ ಸಂಸ್ಥೆ ಹುಟ್ಟಿತು. ಕಾಲೇಜುಗಳ ಮಟ್ಟದಲ್ಲಿ ಸುರತ್ಕಲ್ ಮತ್ತು ಮೈಸೂರಿನ ಎಂಜಿನಿಯರಿಂಗ್ ವಿದ್ಯಾಸಂಸ್ಥೆಗಳಲ್ಲಿ ತಾಂತ್ರಿಕ ಉದ್ಯಮ ಪಾರ್ಕುಗಳು ಬಂದವು. 2015ರ ರಾಜ್ಯ ಸ್ಟಾರ್ಟಪ್ ನೀತಿಯಡಿ ಬೆಂಗಳೂರಿನಾಚೆಯ ಕಾಲೇಜುಗಳಲ್ಲಿ ಇನ್‌ಕ್ಯುಬೇಷನ್ ಕೇಂದ್ರಗಳ ಜಾಲ ರೂಪುಗೊಂಡು, ಸ್ಥಳೀಯ ಸಮಸ್ಯೆಗಳಿಗೆ ಪರಿಹಾರ ಹುಡುಕುವ ವಿದ್ಯಾರ್ಥಿಗಳಿಗೆ ನೆರವು ಸಿಕ್ಕಿತು.

ಸವಾಲುಗಳು
ಸಾಲ ಸಿಕ್ಕಷ್ಟು ಸುಲಭವಾಗಿ ಮಾರುಕಟ್ಟೆ ಸಿಗಲಿಲ್ಲ. ಒಂದೇ ಊರಿನ ಹಲವು ಸಂಘಗಳು ಹಪ್ಪಳ, ಉಪ್ಪಿನಕಾಯಿ, ಅಗರಬತ್ತಿಗಳನ್ನೇ ತಯಾರಿಸಿದಾಗ ಕೊಳ್ಳುವವರಿಗಿಂತ ಮಾರುವವರೇ ಹೆಚ್ಚಾದರು. ಲಾಭಕ್ಕಾಗಿ ಸಾಲ ಕೊಡುವ ಕಿರುಹಣಕಾಸು ಕಂಪನಿಗಳ ವ್ಯವಹಾರ ಸ್ವಸಹಾಯ ಸಂಘಗಳದ್ದಕ್ಕಿಂತ ಭಿನ್ನವಾದದ್ದು. ಈ ಕಂಪನಿಗಳ ವಸೂಲಿ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಆಹಾರ ಸುರಕ್ಷತಾ ಪರವಾನಗಿ, ಪ್ಯಾಕಿಂಗ್, ಬೆಲೆ ನಿಗದಿ, ಆನ್‌ಲೈನ್ ಮಾರಾಟ ಇವು ಸಂಘಗಳಿಗೆ ಇಂದು ಕಷ್ಟವಾಗಿರುವ ಕೆಲಸಗಳು. ಬೆಲೆ ನಿಗದಿ, ಮಾರಾಟದಂಥ ವಿಷಯಗಳನ್ನು ಕಾಲೇಜುಗಳೂ ಕಲಿಸುತ್ತವೆ. ಪಕ್ಕದ ಊರಿನ ಒಕ್ಕೂಟದ ಉತ್ಪನ್ನವನ್ನೇ ವಿದ್ಯಾರ್ಥಿಗಳು ತಮ್ಮ ಯೋಜನೆಯ ವಿಷಯವಾಗಿ ಆರಿಸಿಕೊಂಡರೆ ಸಂಘಕ್ಕೆ ಹೊಸ ಗಿರಾಕಿಗಳು ಸಿಗುತ್ತಾರೆ, ವಿದ್ಯಾರ್ಥಿಗೆ ನಿಜವಾದ ಲಾಭ–ನಷ್ಟದ ಪಾಠ ಸಿಗುತ್ತದೆ. ಈ ಎರಡು ಧಾರೆಗಳನ್ನು ಕೂಡಿಸುವ ವ್ಯವಸ್ಥೆ ಜಿಲ್ಲಾ ಮಟ್ಟದಲ್ಲಿ ಗಟ್ಟಿಯಾಗುವುದು ಈ ಚಳವಳಿಯ ಮುಂದಿನ ಹಂತಕ್ಕೆ ಅತ್ಯಗತ್ಯ.