ಪಾನವ್ಯಸನಿಗಳ ಕೂಟವು ಒಂದರಿಂದ ಅನೇಕವಾದ ಬಗೆ

ವ್ಯಸನವೆಂಬ ಶಬ್ದಕ್ಕೆ ಸಂಸ್ಕೃತದಲ್ಲಿ ವಿಪತ್ತೆಂಬುದೂ ಒಂದರ್ಥ, ಬಿಡಲಾಗದ ಚಟವೆಂಬುದೂ ಒಂದರ್ಥ. ಕೌಟಿಲ್ಯನು ಕಾಮಜನ್ಯ ವ್ಯಸನಗಳನ್ನು ಎಣಿಸುವಲ್ಲಿ ಬೇಟೆ, ಜೂಜುಗಳೊಡನೆ ಪಾನವನ್ನೂ ಹೇಳಿದ್ದಾನೆ. ಪಾನದ ದೋಷವನ್ನು ಸಾರಿದವರು ಎಲ್ಲ ದೇಶಗಳಲ್ಲಿಯೂ ಬಹುಮಂದಿ. ಅದರಲ್ಲಿ ಮುಳುಗಿದವನು ಎದ್ದುಬರಲು ಯಾರ ಬಳಿಗೆ ಹೋಗಬೇಕೆಂಬುದನ್ನು ತೋರಿಸಿದವರು ವಿರಳ. ಉಪದೇಶಕನ ಬಳಿಗಲ್ಲ, ತನ್ನಂತೆಯೇ ಮುಳುಗಿ ಎದ್ದವನ ಬಳಿಗೆ ಎಂಬ ಉತ್ತರವು ಅಮೆರಿಕಾ ದೇಶದಲ್ಲಿ ಎರಡು ಸಾರಿ ದೊರೆಯಿತು.

ಮೊದಲನೆಯದು 1840ನೆಯ ಇಸವಿಯಲ್ಲಿ. ಬಾಲ್ಟಿಮೋರ್ ನಗರದ ಒಂದು ಪಾನಗೃಹದಲ್ಲಿ ಕಲೆಯುತ್ತಿದ್ದ ದರ್ಜಿ, ಬಡಗಿ, ಕಮ್ಮಾರ ಮೊದಲಾದ ಆರು ಮಂದಿ ಕಸುಬುದಾರರು ಕುಡಿತವನ್ನು ಬಿಡುವೆವೆಂದು ಪ್ರತಿಜ್ಞೆಗೆ ರುಜು ಹಾಕಿ, ವಾಷಿಂಗ್ಟನ್ನನ ಹೆಸರಿನಲ್ಲಿ ಒಂದು ಸಂಘವನ್ನು ಕಟ್ಟಿದರು. ಸಭೆಯಲ್ಲಿ ಉಪನ್ಯಾಸವಿಲ್ಲ, ಒಬ್ಬೊಬ್ಬನೂ ಎದ್ದು ತನ್ನ ಕಥೆಯನ್ನು ಹೇಳುವನು. ಸಂಘವು ಕಾಳ್ಗಿಚ್ಚಿನಂತೆ ಹಬ್ಬಿತು. 1842ರಲ್ಲಿ ಸ್ಪ್ರಿಂಗ್‌ಫೀಲ್ಡಿನ ಶಾಖೆಯಲ್ಲಿ ಆಗಿನ್ನೂ ವಕೀಲನಾಗಿದ್ದ ಅಬ್ರಹಾಂ ಲಿಂಕನ್ನನು ಭಾಷಣ ಮಾಡಿದನು. ಆದರೆ ಕುಡಿಯದವರೂ ಗುಂಪುಗುಂಪಾಗಿ ಸೇರಿದರು, ಪಾನನಿಷೇಧ ಶಾಸನದ ಜಗಳವು ಒಳಹೊಕ್ಕಿತು. ಹತ್ತು ವರ್ಷ ತುಂಬುವುದರೊಳಗೆ ಸಂಘವು ಬಹುಮಟ್ಟಿಗೆ ಕರಗಿಹೋಯಿತು. ಯಾರಿಗಾಗಿ ಕೂಟವೋ ಅವರಿಗೇ ಅಲ್ಲಿ ಸ್ಥಳವಿಲ್ಲದಂತಾಯಿತು.

ಎರಡನೆಯ ಉತ್ತರವು ದೊರೆತುದು ಒಹಾಯೋ ಪ್ರಾಂತದ ಅಕ್ರನ್ ಎಂಬ ರಬ್ಬರ್ ಕಾರ್ಖಾನೆಗಳ ಊರಿನಲ್ಲಿ. 1935ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಷೇರು ವ್ಯವಹಾರದ ಬಿಲ್ ವಿಲ್ಸನ್ನನು ಅಲ್ಲಿಗೆ ಕೆಲಸದ ಮೇಲೆ ಬಂದನು. ಬಂದ ಕಾರ್ಯವು ಕೆಟ್ಟಿತು. ಅವನು ಮದ್ಯವನ್ನು ಬಿಟ್ಟು ಐದು ತಿಂಗಳಷ್ಟೇ ಆಗಿದ್ದಿತು. ಹೋಟೆಲಿನ ಹಜಾರದ ಒಂದು ಕಡೆ ಪಾನಶಾಲೆಯ ನಗೆಯ ಸದ್ದು, ಇನ್ನೊಂದು ಕಡೆ ಟೆಲಿಫೋನು. ಕುಡಿತದಿಂದ ನರಳುವ ಇನ್ನೊಬ್ಬನೊಡನೆ ಮಾತನಾಡಿದರೆ ತಾನು ಉಳಿದೇನೆಂದು ಅವನಿಗೆ ತೋರಿತು. ಪಾದ್ರಿಯೊಬ್ಬರಿಗೆ ಟೆಲಿಫೋನು ಮಾಡಿ, ಅಲ್ಲಿಂದ ಹೆನ್ರಿಯೆಟಾ ಸೈಬರ್ಲಿಂಗ್ ಎಂಬ ಮಹಿಳೆಯ ಪರಿಚಯವನ್ನು ಪಡೆದು, ಆಕೆಯ ಮನೆಯಲ್ಲಿ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯನನ್ನು ಕಂಡನು. ಕಾಲು ಗಂಟೆ ಮಾತ್ರ ಇರುವೆನೆಂದು ಬಂದ ವೈದ್ಯನು ರಾತ್ರಿ 11ರವರೆಗೆ ಕುಳಿತನು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಡಾಕ್ಟರ್ ಸ್ಮಿತ್ತನು ಕೂಟವಿಲ್ಲದವನಲ್ಲ. ಆಕ್ಸ್‌ಫರ್ಡ್ ಗ್ರೂಪ್ ಎಂಬ ಧಾರ್ಮಿಕ ಮಂಡಲಿಗೆ ಎರಡೂವರೆ ವರ್ಷದಿಂದ ಹೋಗುತ್ತಿದ್ದನು. ಅಲ್ಲಿಯವರು ಸಜ್ಜನರು, ಅವನ ವಿಷಯದಲ್ಲಿ ಪ್ರೀತಿಯುಳ್ಳವರು. ಅವನು ಪ್ರಾರ್ಥಿಸುತ್ತಿದ್ದನು, ಗ್ರಂಥಗಳನ್ನು ಓದುತ್ತಿದ್ದನು, ಮನೆಗೆ ಬಂದು ಕುಡಿಯುತ್ತಲೂ ಇದ್ದನು. ವಿಲ್ಸನ್ನನು ಹೊಸದಾಗಿ ಹೇಳಿದ ತತ್ತ್ವವು ಸ್ವಲ್ಪವೇ. ಆದರೆ ಕುಡಿತವನ್ನು ಅನುಭವದಿಂದ ಬಲ್ಲವನ ಬಾಯಿಂದ ಅದು ಬಂದಿತು. ನಡುವೆ ಒಮ್ಮೆ ಜಾರಿದನಾದರೂ, ಆ ವರ್ಷದ ಜೂನ್ 10ರ ಮೇಲೆ ವೈದ್ಯನು 1950ರಲ್ಲಿ ಸಾಯುವವರೆಗೂ ಮದ್ಯವನ್ನು ಮುಟ್ಟಲಿಲ್ಲ.

ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಈ ಕೂಟದಲ್ಲಿಯೇ ಒಡಕು ಹುಟ್ಟಿತು. ಕ್ಲೀವ್‌ಲೆಂಡಿನ ವ್ಯಸನಿಗಳು 30 ಮೈಲಿಗೂ ಮೀರಿದ ದಾರಿಯನ್ನು ನಡೆಸಿ ವಾರವಾರವೂ ಅಕ್ರನಿಗೆ ಬರುತ್ತಿದ್ದರು. ಅವರಲ್ಲಿ ಹಲವರು ಕ್ಯಾಥೊಲಿಕರು. ಅನ್ಯ ಮಂಡಲಿಯ ಸಭೆಯಲ್ಲಿ ಪಾಪಗಳನ್ನು ಬಹಿರಂಗವಾಗಿ ಹೇಳಿಕೊಳ್ಳುವುದಕ್ಕೆ ಅವರ ಪಾದ್ರಿಗಳು ಒಪ್ಪರು. ಮತವನ್ನು ಬಿಡಬೇಕೆ, ಮದ್ಯವನ್ನು ಬಿಡಬೇಕೆ? 1939ರ ಮೇ ತಿಂಗಳಲ್ಲಿ ಕ್ಲಾರೆನ್ಸ್ ಸ್ನೈಡರನು ತನ್ನೂರಿನಲ್ಲಿಯೇ ಬೇರೆ ಸಭೆಯನ್ನು ಆರಂಭಿಸಿ, ಆಗತಾನೆ ಅಚ್ಚಾಗಿದ್ದ ಗ್ರಂಥದ ಹೆಸರನ್ನೇ ಅದಕ್ಕೆ ಇಟ್ಟನು: ಆಲ್ಕೊಹಾಲಿಕ್ಸ್ ಅನಾನಿಮಸ್, ಎಂದರೆ ಹೆಸರು ಹೇಳಿಕೊಳ್ಳದ ಪಾನವ್ಯಸನಿಗಳು. ಅಕ್ರನಿನ ಕೆಲವರು ಸಿಟ್ಟಾದರು. ಆ ವರ್ಷ ತೀರುವುದರೊಳಗೆ ಕ್ಲೀವ್‌ಲೆಂಡಿನ ಒಂದು ಕೂಟವು ಹಲವಾಯಿತು. ಜಗಳವೂ ಅದಕ್ಕೆ ಕಾರಣ, ಜನಸಂದಣಿಯೂ ಕಾರಣ. ಆದರೆ ಈ ಒಡಕನ್ನು ಕೇಡೆಂದು ಎಣಿಸುವುದು ಯುಕ್ತವಲ್ಲ. ಒಂದೇ ಬಾಗಿಲಿದ್ದಾಗ ಹೊರಗುಳಿದವನಿಗೆ ಇನ್ನೊಂದು ಬಾಗಿಲು ತೆರೆಯಿತು. 1941ರ ಆರಂಭದಲ್ಲಿ ಎಲ್ಲ ಊರುಗಳಲ್ಲಿಯೂ ಸೇರಿ ಸುಮಾರು 2,000 ಇದ್ದ ಸದಸ್ಯರು ವರ್ಷಾಂತ್ಯಕ್ಕೆ 8,000 ಆದರು. ಆ ಮಾರ್ಚಿಯಲ್ಲಿ ಒಂದು ದೊಡ್ಡ ವಾರಪತ್ರಿಕೆಯಲ್ಲಿ ಬಂದ ಲೇಖನವೇ ಅದಕ್ಕೆ ಮುಖ್ಯ ಕಾರಣ.

ಕುಡಿತವನ್ನು ಬಿಡುವ ಇಚ್ಛೆಯೊಂದೇ ಸದಸ್ಯತ್ವಕ್ಕೆ ಸಾಕೆಂಬ ನಿಯಮವು 1946ರಲ್ಲಿ ಪ್ರಕಟವಾಯಿತು. ಆದರೂ ಎಲ್ಲರಿಗೂ ಎಲ್ಲ ಕೂಟವೂ ಒಗ್ಗಲಿಲ್ಲ. ಸಂಘದ ಪ್ರಾರ್ಥನೆ ಹಿಡಿಸದ ನಿರೀಶ್ವರವಾದಿಗಳು 1975ರಲ್ಲಿ ಚಿಕಾಗೋ ನಗರದಲ್ಲಿ ತಮ್ಮದೇ ಕೂಟವನ್ನು ಮಾಡಿಕೊಂಡರು. ಜಪಾನೀಯರ ದಾರಿ ಬೇರೆಯೇ. ಅವರ ದನ್‌ಶುಕೈ ಸಂಘಗಳು 1958ರಲ್ಲಿ ಕೋಚಿ ಪಟ್ಟಣದಲ್ಲಿ ತಲೆಯೆತ್ತಿ 1963ರಲ್ಲಿ ದೇಶವ್ಯಾಪಿಯಾಗಿ ಒಂದುಗೂಡಿದುವು. ಅಲ್ಲಿ ಹೆಸರನ್ನು ಮರೆಮಾಡುವುದಿಲ್ಲ, ಹೆಂಡತಿಯೂ ಗಂಡನ ಪಕ್ಕದಲ್ಲಿ ಕುಳಿತು ಮಾತನಾಡುವಳು. ಗೃಹಸ್ಥಧರ್ಮವನ್ನು ಮನ್ನಿಸುವ ನಮ್ಮ ಜನಕ್ಕೆ ಇದು ಹೆಚ್ಚು ಸಹಜವಾಗಿ ಕಾಣಬಹುದು. ಭಾರತದಲ್ಲಿ ನೆಲೆಯೂರಿದುದು ಮಾತ್ರ ಅಮೆರಿಕಾದ ಪದ್ಧತಿ. 1957ರಲ್ಲಿ ಅದು ಇಲ್ಲಿ ಆರಂಭವಾಯಿತು. ಮನೆಯವರಿಗಾಗಿ ಅಲ್-ಅನಾನ್ ಎಂಬ ಬೇರೆ ಕೂಟವು ಅಮೆರಿಕಾದಲ್ಲಿ 1951ರಲ್ಲಿಯೇ ಹುಟ್ಟಿದ್ದಿತು.

ಈ ಸಂಘದ ಸಭೆಗಳಲ್ಲಿ ಮುಚ್ಚಿದುದು, ತೆರೆದುದು ಎಂದು ಎರಡು ಬಗೆ. ಮೊದಲನೆಯದಕ್ಕೆ ಕುಡಿತವನ್ನು ಬಿಡಬೇಕೆಂದಿರುವವನಿಗೆ ಮಾತ್ರ ಪ್ರವೇಶ. ಎರಡನೆಯದಕ್ಕೆ ಅವನ ಅಣ್ಣನೋ ಹೆಂಡತಿಯೋ ಮುಂದಾಗಿ ಹೋಗಿ, ಹಿಂದಿನ ಸಾಲಿನಲ್ಲಿ ಕುಳಿತು ನೋಡಿಕೊಂಡು ಬರಲು ಅಡ್ಡಿಯಿಲ್ಲ.